ಯಾದಿ ಮನೆ

ಮನೆ ಕಟ್ಟುವವರು ಮೊದಲು ನಾಲ್ಕು ದಿಕ್ಕು ನೋಡಬೇಕು ಎಂದು ತಿಳಿದವರು ಹೇಳುತ್ತಾರೆ. ನಮ್ಮ ಖಾಸಿಮಸಾಬರೂ ನೋಡಿದರು. ನೋಡಿದ ಮೇಲೂ ಕಟ್ಟಿದರು. ಅವರ ಧೈರ್ಯಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ರಾಮದುರ್ಗದ ನಮ್ಮ ಓಣಿಯಲ್ಲಿ ಆ ಜಾಗದ ಪೂರ್ವಕ್ಕೆ ಹಳೆಯ ಹತ್ತಿ ಗೋದಾಮಿನ ಎತ್ತರದ ಗೋಡೆ ಇದೆ. ಅದರ ಮೇಲೆ 'ಇಲ್ಲಿ ಮೂತ್ರ ಮಾಡಬಾರದು' ಎಂದು ಇಪ್ಪತ್ತು ವರ್ಷದ ಹಿಂದೆ ಬರೆದವರು ಸ್ವತಃ ಖಾಸಿಮಸಾಬರೇ. ಅಕ್ಷರಗಳು ಎಷ್ಟು ದುಂಡಗಿವೆ ಎಂದರೆ ಜನ ಅವನ್ನು ಪೂರ್ತಿ ಓದಿಯೇ ಅವುಗಳ ಕೆಳಗೆ ನಿಲ್ಲುತ್ತಾರೆ. ದಕ್ಷಿಣಕ್ಕೆ ತೆರೆದ ಗಟಾರ. ಪಶ್ಚಿಮಕ್ಕೆ ಗಾಡಿ ರಿಪೇರಿಯ ಗ್ಯಾರೇಜು. ಗಾಡಿಯ ಯಾವ ಭಾಗ ಕೆಟ್ಟಿರಲಿ, ಅಲ್ಲಿಯವರು ಮೊದಲು ಹಾರ್ನ್ ಹೊಡೆದು ನೋಡುತ್ತಾರೆ. ಇನ್ನು ಉತ್ತರಕ್ಕೆ ಒಂದು ಗಿರಣಿ. ಅದರಲ್ಲಿ ಜೋಳ ಬೀಸುವ ಮಶಿನ್ ಒಂದು, ಮಸಾಲೆ ಖಾರ ಕುಟ್ಟುವ ಮಶಿನ್ ಒಂದು. ಖಾರದ ಮಶಿನ್ ಶುರುವಾಯಿತೆಂದರೆ ಓಣಿಯಲ್ಲಿ ಹಾದುಹೋಗುವ ಎಮ್ಮೆಯೂ ಸೀನುತ್ತದೆ. ಈ ಗಿರಣಿಯ ಮಾಲಕನ ಬಗ್ಗೆ ಓಣಿಯ ಜನ ಆಡುವ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ, ಏಕೆಂದರೆ ಆ ಮಾಲಕ ನಾನೇ. ಹೆಸರು ಲಗಮಣ್ಣ.

ಖಾಸಿಮಸಾಬರು ಬೋರ್ಡು ಬರೆಯುವವರು. ಫ್ಲೆಕ್ಸ್ ಬಂದ ಮೇಲೆ ಊರಿನ ಅಂಗಡಿಗಳೆಲ್ಲ ಅವರ ಕುಂಚವನ್ನು ಮರೆತವು. ಸರಕಾರಿ ಕಚೇರಿಗಳ ನೀಲಿ ಬೋರ್ಡಿನ ಮೇಲೆ ಬಿಳಿ ಅಕ್ಷರ ಬರೆಯುವ ಕೆಲಸ ಮಾತ್ರ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಮೂವತ್ತು ವರ್ಷ ಅದೇ ಗಟಾರದ ಪಕ್ಕದ ಬಾಡಿಗೆ ಖೋಲಿಯಲ್ಲಿ ಹೆಂಡತಿ ಶರೀಫಾಬಿ, ಮಗಳು ಅಂಬರೀನಳ ಜೊತೆ ಸಂಸಾರ ಮಾಡಿದರು. ಮಗಳು ಮದುವೆಯಾಗಿ ಸುರೇಬಾನಕ್ಕೆ ಹೋಗುವ ದಿನ ಅವರು ಅವಳ ತಲೆಯ ಮೇಲೆ ಕೈಯಿಟ್ಟು, "ಬೇಟಾ, ಈ ಮನಿ ನೆನಪಿಡತಿ ಹೌದಿಲ್ಲೊ? ಏನ್ ನೆನಪಿಡತಿ ಹೇಳು" ಎಂದು ಕೇಳಿದರು. ಅವಳು ಅಳುತ್ತಿದ್ದವಳು ಫಕ್ಕನೆ ನಕ್ಕುಬಿಟ್ಟಳು.

"ನಾತ, ಅಬ್ಬಾ" ಎಂದಳು.

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಖಾಸಿಮಸಾಬರು ನಗಲಿಲ್ಲ. ಹುಡುಗಿ ಚೇಷ್ಟೆಗೆ ಆಡಿದ ಮಾತು ಅವರ ಎದೆಗೆ ಮೊಳೆ ಹೊಡೆದ ಹಾಗೆ ಕೂತಿತು. ಇಪ್ಪತ್ತೆರಡು ವರ್ಷ ಸಾಕಿದ ಮಗಳಿಗೆ ತಾವು ಕಟ್ಟಿ ಕಳಿಸಿದ್ದು ಗಟಾರದ ನಾತ ಒಂದೇ ಎಂದು ಅವರು ಎರಡು ದಿನ ಅನ್ನ ಬಿಟ್ಟರು.

ಮುಂದೆ ಅವರ ಅಣ್ಣತಮ್ಮಂದಿರ ಪಾಲು ಹಂಚಿಕೆಯಾದಾಗ ಅವರ ಪಾಲಿಗೆ ಬಂದದ್ದು ಇದೇ ಓಣಿಯ ಈ ನಾಲ್ಕು ದಿಕ್ಕಿನ ಜಾಗ. ಅದೇ ಹೊತ್ತಿಗೆ ಅಂಬರೀನ ಬಸುರಿಯಾದ ಸುದ್ದಿಯೂ ಬಂತು. ಮೊದಲ ಹೆರಿಗೆ ತವರುಮನೆಯದು. ಆದರೆ ಅಂಬರೀನಳ ಅತ್ತೆ ಹುಸೇನಬಿ ಗಟ್ಟಿ ಹೆಂಗಸು. ಮದುವೆ ಮಾತುಕತೆಗೆ ಒಮ್ಮೆ ನಮ್ಮ ಓಣಿಗೆ ಬಂದು, ಸೆರಗನ್ನು ಮೂಗಿಗೆ ಹಿಡಿದವರು ಬಸ್ಸು ಹತ್ತಿದ ಮೇಲೆಯೇ ಬಿಟ್ಟಿದ್ದರು. ಅವರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ಬೀಗರ, ನಿಮ್ಮ ಮಗಳ ಚೊಲೋ ಅದಾಳ, ನಿಮ್ಮ ಜಾಗಾ ಚೊಲೋ ಇಲ್ಲ. ನನ್ನ ಮೊಮ್ಮಗು ಖಾರದ ಧೂಳಿನ್ಯಾಗ ಕಣ್ಣ ಬಿಡೂದು ಬ್ಯಾಡ. ಹೊಸಾ ಮನಿ ಮುಗಸ್ರಿ, ನಾ ಬಂದು ನೋಡತೇನಿ. ಮನಸಿಗೆ ಬಂತಂದ್ರ ಏಳ ತಿಂಗಳದಾಗ ಕಳಸತೇನಿ. ಇಲ್ಲಾಂದ್ರ ಬಾಣಂತನ ಇಲ್ಲೇ."

ಹಿಂದೆಯೇ ಅಂಬರೀನ ಸಣ್ಣ ದನಿಯಲ್ಲಿ, "ಅಬ್ಬಾ, ನನಗ ಅಲ್ಲೇ ಬರಬೇಕಾಗೈತಿ" ಎಂದಳಂತೆ. ಖಾಸಿಮಸಾಬರು ಫೋನ್ ಇಟ್ಟು ನೇರ ನನ್ನ ಗಿರಣಿಗೆ ಬಂದರು.

"ಲಗಮಣ್ಣಾ, ನಾ ಮನಿ ಕಟ್ಟೂದಿಲ್ಲ" ಎಂದರು.

"ಮತ್ತ?"

"ನೆನಪ ಕಟ್ಟತೇನಿ."

ಅವರ ತಲೆ ಕೆಟ್ಟಿತೆಂದು ನಾನು ಮಶಿನ್ ನಿಲ್ಲಿಸಿದೆ. ಆಮೇಲೆ ತಿಳಿಯಿತು: ಬೆಳಗಾವಿಯಲ್ಲಿ ಒಬ್ಬ ಎಂಜಿನಿಯರ ಸಾಹೇಬರ ಬೋರ್ಡು ಬರೆಯಲು ಹೋದಾಗ, ಮನೆಯೆಂದರೆ ಇಟ್ಟಿಗೆ ಸಿಮೆಂಟು ಅಲ್ಲ, ಅದು ನೆನಪು ಬೀಸುವ ಗಿರಣಿ, ಹೊರಗೆ ಊರು ಎಷ್ಟೇ ಹೊಲಸಿರಲಿ ಒಳಗಿನಿಂದ ಹಿಟ್ಟು ಬೆಳ್ಳಗೆ ಬೀಳಬೇಕು ಎಂದು ಅವರು ಹೇಳಿದ್ದರಂತೆ. ಗಿರಣಿಯ ಹೆಸರು ತೆಗೆದದ್ದರಿಂದ ನನಗೂ ಆ ಸಾಹೇಬರ ಮೇಲೆ ಗೌರವ ಹುಟ್ಟಿತು.

ಅಂದಿನಿಂದ ಖಾಸಿಮಸಾಬರು ಒಂದು ದಪ್ಪ ವಹಿ ಹಿಡಿದು ಓಣಿಯಲ್ಲಿ ತಿರುಗತೊಡಗಿದರು. ಸಿಕ್ಕವರನ್ನೆಲ್ಲ ನಿಲ್ಲಿಸಿ, "ನೀವು ಸಣ್ಣವರಿದ್ದಾಗಿನ ಮನಿ ಒಳಗ ಏನ ನೆನಪೈತಿ?" ಎಂದು ಕೇಳಿ ಬರೆದುಕೊಳ್ಳುವುದು. ಜನ ಗಾಬರಿಯಾದರು. ಜನಗಣತಿಯವರು ಕೂಡ ಇಂಥ ಪ್ರಶ್ನೆ ಕೇಳಿರಲಿಲ್ಲ. ನನ್ನನ್ನೂ ಕೇಳಿದರು. "ತಗಡ ನೆನಪೈತಿ, ಬ್ಯಾಸಗ್ಯಾಗ ಸುಡತಿತ್ತು" ಎಂದೆ. ಅವರಿಗೆ ಸಮಾಧಾನವಾಗಲಿಲ್ಲ, ನನ್ನ ಹೆಸರಿನ ಮುಂದೆ ಜಾಗ ಖಾಲಿ ಬಿಟ್ಟರು.

ಮನೆ ಏಳತೊಡಗಿತು. ಗೌಂಡಿ ದುರ್ಗಪ್ಪ ದಿನಕ್ಕೊಮ್ಮೆ ಕರಣಿ ಕೆಳಗಿಟ್ಟು ನನ್ನ ಮುಂದೆ ಬಂದು ಅಳುತ್ತಿದ್ದ. ಪಡಸಾಲೆಯ ಪೂರ್ವದ ಗೋಡೆಯಲ್ಲಿ ಖಾಸಿಮಸಾಬರು ಖಿಡಕಿಯನ್ನು ಆಳೆತ್ತರಕ್ಕೆ ಇಡಿಸಿದ್ದರು.

"ಇಷ್ಟ ಮ್ಯಾಲ ಖಿಡಕಿ ಯಾರಿಗೆ ಸಾಹೇಬ್ರ? ಒಂಟಿಗೇನ್ರಿ?"

"ಕುಂತಾವರಿಗೆ."

"ಕುಂತಾವರಿಗೆ ಖಿಡಕಿ ಮ್ಯಾಲ?"

"ದುರ್ಗಪ್ಪಾ, ನಿಂತ ನೋಡಿದ್ರ ಏನ ಕಾಣತೈತಿ? ಗೋದಾಮ ಗ್ವಾಡಿ. ಗ್ವಾಡಿ ಕೆಳಗ ಮಂದಿ. ಕೆಳಗ ಕುಂತ ಮ್ಯಾಲ ನೋಡು. ಗ್ವಾಡಿ ಆಚೆಗಿನ ಬೇವಿನಗಿಡದ ತುದಿ ಕಾಣತೈತಿ, ಮುಗಲ ಕಾಣತೈತಿ. ಕುಂತಾವರ ಕಣ್ಣ ಎಲ್ಲಿರತಾವ, ಅಲ್ಲಿಂದ ಲೆಕ್ಕಾ ಹಿಡಿ."

ದುರ್ಗಪ್ಪ ಕೂತು ನೋಡಿದ. ಬೇವಿನ ತುದಿಯಲ್ಲಿ ಎರಡು ಗಿಳಿಗಳಿದ್ದವು. ಅವನು ಎದ್ದು ಕರಣಿ ಎತ್ತಿಕೊಂಡ. ಹೀಗಾಗಿ ಆ ಖೋಲಿಯಲ್ಲಿ ಯಾರೂ ನಿಲ್ಲಬಾರದು ಎಂಬ ಕಾಯಿದೆ ಹುಟ್ಟಿತು.

ಇನ್ನೊಂದು ವಿಶೇಷವೆಂದರೆ ಕಟ್ಟೆ. ಎಲ್ಲರೂ ಮನೆಯ ಹೊರಗೆ ಕಟ್ಟೆ ಕಟ್ಟಿದರೆ ಇವರು ಒಳಗೆ ಕಟ್ಟಿದರು. ಹೊಸ್ತಿಲಿನಿಂದ ಶುರುವಾಗಿ, ಗೋಡೆಗುಂಟ ಸಾಗಿ, ಪಡಸಾಲೆ ಸುತ್ತಿ, ಅಡುಗೆಮನೆಯ ಬಾಗಿಲವರೆಗೆ ಕಲ್ಲಿನ ಕಟ್ಟೆ. ಮೇಲೆ ತಾಯಿ ಕೂತರೆ, ಕೆಳಗಿನ ಮೆಟ್ಟಿಲ ಮೇಲೆ ಮಗು ಕೂತು ತಲೆ ಹಿಕ್ಕಿಸಿಕೊಳ್ಳುವಷ್ಟು ಅಳತೆ. ಗಟಾರದ ಕಡೆಯ ಸಣ್ಣ ಖಿಡಕಿಗಳ ಕೆಳಗೆ ಉದ್ದನೆಯ ಕುಂಡದಲ್ಲಿ ಪುದೀನಾ ಹಚ್ಚಿದರು, ಗಾಳಿ ಪುದೀನಾ ದಾಟಿಯೇ ಒಳಗೆ ಬರಬೇಕೆಂದು. ಗ್ಯಾರೇಜಿನ ಕಡೆಗೆ ಎರಡು ಗೋಡೆ ಕಟ್ಟಿ ನಡುವೆ ಉಸುಕು ತುಂಬಿದರು. ಹಾರ್ನ್ ಒಳಗೆ ಬರುವ ಹೊತ್ತಿಗೆ ಕೊಳಲಿನ ಹಾಗಾಗುತ್ತಿತ್ತು.

ಉತ್ತರದ ಗೋಡೆಗೆ, ಅಂದರೆ ನನ್ನ ಕಡೆಗೆ, ಒಂದು ಬೆರಳು ತೂರುವಷ್ಟು ಸಂದಿಯನ್ನೂ ಬಿಡಲಿಲ್ಲ. ಮೂವತ್ತು ವರ್ಷ ಒಂದೇ ಓಣಿಯ ಚಹಾ ಕುಡಿದವರು ನಾವು. ಖಾರದ ದೆಸೆಯಿಂದ ಎಂದು ನನಗೆ ತಿಳಿದಿತ್ತು. ಆದರೂ ಆ ಮೊಂಡುಗೋಡೆ ಏರುವುದನ್ನು ನೋಡುತ್ತ ನನಗೆ ಬಹಳ ಕೆಡುಕೆನಿಸಿತು.

ಇಷ್ಟಾದ ಮೇಲೆ ಮನೆಗೆ ಹೆಸರು ಬೇಕಲ್ಲ. ಇಲ್ಲಿಂದ ಅನಾಹುತ ಶುರು.

ಮೊದಲು 'ನೆನಪಿನ ಮನೆ' ಎಂದು ಬರೆಯಬೇಕೆಂದಿದ್ದರು. ಬಾಗಿಲ ಮೇಲಿನ ಪಟ್ಟಿ ಸಣ್ಣದು. ಅಷ್ಟು ಅಕ್ಷರ ಹಿಡಿಸಲಿಲ್ಲ. ಅವರ ಮನೆಮಾತಿನಲ್ಲಿ ನೆನಪಿಗೆ ಯಾದ್ ಎನ್ನುತ್ತಾರೆ. 'ಯಾದ್ ಮನೆ' ಎಂದು ಬರೆಯೋಣವೆಂದರೆ ಕೊನೆಯ ಅಕ್ಷರ ಅರ್ಧಕ್ಕೆ ನಿಲ್ಲುತ್ತದೆ, ಮಗಳು ಹೆರಿಗೆಗೆ ಬರುವ ಮನೆಯ ಬಾಗಿಲ ಮೇಲೆ ಅರ್ಧಾಕ್ಷರ ಇರಬಾರದು ಎಂದು ಅವರ ಮನಸ್ಸು ಅಳುಕಿತು. ಬೋರ್ಡು ಬರೆಯುವವರಿಗೆ ಗುಡಿಸಿನ ಮೇಲೆ ಬಹಳ ಪ್ರೀತಿ. ದ ಅಕ್ಷರಕ್ಕೆ ಒಂದು ಚೆಂದನೆಯ ಗುಡಿಸು ಕೊಟ್ಟು 'ಯಾದಿ ಮನೆ' ಎಂದು ಬರೆದರು. ಬಣ್ಣ ಹೊಸದಾಗಿ ತರುವುದೇಕೆಂದು ಕಚೇರಿ ಬೋರ್ಡಿಗೆ ತಂದು ಉಳಿದಿದ್ದ ನೀಲಿ, ಅದರ ಮೇಲೆ ಬಿಳಿ ಅಕ್ಷರ.

ನಮ್ಮ ಕಡೆ ಯಾದಿ ಎಂದರೆ ಪಟ್ಟಿ ಎಂದು ಆಗಷ್ಟೇ ಹುಟ್ಟಿದ ಕೂಸಿಗೂ ಗೊತ್ತು. ರೇಶನ್ನಿನ ಯಾದಿ, ಓಟಿನ ಯಾದಿ, ಕಿರಾಣಿ ಯಾದಿ. ಅದರ ಮೇಲೆ ಆ ತಿಂಗಳು, ಮನೆಯಿಲ್ಲದವರಿಗೆ ಸರಕಾರದ ಮನೆ ಕೊಡುವ ಹೊಸ ಯಾದಿ ಬರಲಿದೆ, ಎಲ್ಲಿ ಬರೆಸಬೇಕೊ ಯಾರಿಗೂ ತಿಳಿಯುತ್ತಿಲ್ಲ ಎಂಬ ಸುದ್ದಿ ಓಣಿಯಲ್ಲಿ ಕುದಿಯುತ್ತಿತ್ತು.

ಬೋರ್ಡನ್ನು ಮೊದಲು ಓದಿದವಳು ನನ್ನ ಹೆಂಡತಿ ಸಾವಂತ್ರೆವ್ವ. ಕಸ ಚೆಲ್ಲಲು ಹೋದವಳು ಬುಟ್ಟಿಯ ಸಮೇತ ಓಡಿ ಬಂದಳು.

"ಏ ಇವರ, ಮನಿ ಯಾದಿ ಖಾಸಿಮಸಾಬ್ರ ಮನ್ಯಾಗ ಬಂದೈತಿ! ಸರಕಾರಿ ಬೋರ್ಡ ಹಾಕ್ಯಾರ! ವಹಿ ಹಿಡಕೊಂಡ ತಿಂಗಳಗಟ್ಟಲೆ ಯಾಕ ತಿರಗ್ಯಾಡಿದ್ರಂತ ಈಗ ತಿಳೀತು. ನಮ್ಮ ತಮ್ಮನ ಹೆಸರ ಬರಸ್ರಿ, ನಡೀರಿ!"

ನಾನು ಅಲ್ಲವೆಂದೆ. ಆ ಗುಡಿಸು ಹೇಗೆ ಬಂತೆಂಬ ಕಥೆಯನ್ನೂ ಹೇಳಿದೆ. ಅವಳು ಕೇಳಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಕಾಯಿಪಲ್ಲೆ ಮಾರುವ ಬಾಯವ್ವನಿಗೆ ಗುಟ್ಟಾಗಿ ಹೇಳಿದಳು. ಬಾಯವ್ವನಿಗೆ ಹೇಳಿದ ಗುಟ್ಟು ತೊರಗಲ್ಲಿನವರೆಗೆ ಕೇಳುತ್ತದೆ. ಮರುದಿನ ಮುಂಜಾನೆ ಎಂಟಕ್ಕೆ ಖಾಸಿಮಸಾಬರು ಹಲ್ಲುಜ್ಜುತ್ತ ಬಾಗಿಲು ತೆರೆದಾಗ ಹೊರಗೆ ಅರವತ್ತು ಜನ ಆಧಾರ ಕಾರ್ಡು ಹಿಡಿದು ಪಾಳಿ ನಿಂತಿದ್ದರು. ಪಾಳಿಯ ತಲೆಗೆ ನನ್ನ ಧರ್ಮಪತ್ನಿ.

ಅದೇ ದಿನ ಹುಸೇನಬಿ ಸುರೇಬಾನದಿಂದ ಮನೆ ನೋಡಲು ಬರುವವರಿದ್ದರು.

"ಇದು ಆ ಯಾದಿ ಅಲ್ರವಾ!" ಎಂದು ಖಾಸಿಮಸಾಬರು ಬಾಯಲ್ಲಿನ ಬುರುಗಿನ ಸಮೇತ ಕೈ ಮುಗಿದರು. "ನಾ ಸರಕಾರದಾಂವ ಅಲ್ಲ!"

ಜನ ಒಬ್ಬರ ಮುಖ ಒಬ್ಬರು ನೋಡಿ ಗಂಭೀರವಾಗಿ ತಲೆಯಾಡಿಸಿದರು. ಮೊದಲ ಸಲಕ್ಕೇ ಹೂಂ ಅಂದ ಅಧಿಕಾರಿಯನ್ನು ಅವರು ಇದುವರೆಗೆ ಕಂಡಿರಲಿಲ್ಲ. ಈ ಮನುಷ್ಯ ಇಲ್ಲ ಎನ್ನುತ್ತಿದ್ದಾನೆಂದರೆ ಯಾದಿ ಇಲ್ಲೇ ಇದೆ ಎಂದು ಎಲ್ಲರಿಗೂ ಖಾತ್ರಿಯಾಯಿತು. ಪಾಳಿ ಇನ್ನಷ್ಟು ಒತ್ತಾಯಿತು.

"ನನ್ನದು ನೆನಪಿನ ಯಾದಿ ಐತ್ರಿ, ನೆನಪಿಂದು!"

"ಯಾವ ಯಾದಿ ಆದ್ರೇನ, ನಮ್ಮ ಹೆಸರ ಅದರಾಗ ಇರ್ಲಿ" ಎಂದಳು ಬಾಯವ್ವ.

ಬಿಸಿಲು ಏರುತ್ತಿತ್ತು. ಪಾಳಿಯಲ್ಲಿ ಮುದುಕರಿದ್ದರು, ಎಳೆಗೂಸು ಎತ್ತಿಕೊಂಡವರಿದ್ದರು. ಶರೀಫಾಬಿ ಒಳಗಿನಿಂದ ಇಣುಕಿ ನೋಡಿ, "ಮಂದೀನ ಬಿಸಲಾಗ ನಿಂದ್ರಸಬ್ಯಾಡ್ರಿ, ಒಳಗ ಕರೀರಿ. ಕಟ್ಟಿ ಅಷ್ಟುದ್ದ ಕಟ್ಟೀರಿ" ಎಂದರು. ಆ ಮಾತು ಖಾಸಿಮಸಾಬರನ್ನು ಉಳಿಸಿತೊ ಮುಳುಗಿಸಿತೊ ನಾನು ಹೇಳಲಾರೆ. ಪಾಳಿ ಒಳಗೆ ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತಿತು. ಹೊಸ್ತಿಲಿನಿಂದ ಅಡುಗೆಮನೆಯವರೆಗೆ ಒಬ್ಬರು ಏಳುತ್ತಲೇ ಎಲ್ಲರೂ ಒಂದೊಂದು ಮೊಳ ಮುಂದೆ ಸರಿಯುವುದು. ಕಟ್ಟೆಯ ಆ ತುದಿಯಲ್ಲಿ ಖಾಸಿಮಸಾಬರು ವಹಿ ಬಿಚ್ಚಿ ತಲೆ ಬಗ್ಗಿಸಿ ಬರೆಯುತ್ತ ಕೂತರು. ಬೇಗ ಬರೆದು ಬೇಗ ಕಳಿಸಿ, ಬೀಗತಿ ಬರುವ ಮೊದಲು ಮನೆ ಖಾಲಿ ಮಾಡಬೇಕೆಂಬುದು ಅವರ ಹಂಚಿಕೆ. ಹೆಸರು, ಊರು, ಸಣ್ಣವರಿದ್ದಾಗಿನ ಮನೆಯ ಒಂದು ನೆನಪು. ಮೂರೇ ಪ್ರಶ್ನೆ.

ಮೂರನೆಯ ಪ್ರಶ್ನೆ ಕಠಿಣವಿದೆ ಎಂಬ ಸುದ್ದಿ ಪಾಳಿಯ ಉದ್ದಕ್ಕೂ ಹರಡಿತು. "ಮಳೀಗಿ ಬಿತ್ತಂತ ಹೇಳ್ರಿ, ಬಿದ್ದವರಿಗೆ ಮೊದಲ ಕೊಡತಾರಂತ" ಎಂದು ಒಬ್ಬರು ಇನ್ನೊಬ್ಬರಿಗೆ ಪಾಠ ಹೇಳಿಕೊಟ್ಟರು. ಮೊದಲ ಹತ್ತು ಜನರ ಮನೆಗಳು ಮಳೆಗೆ ಬಿದ್ದವು. ಆದರೆ ಕಟ್ಟೆಯ ಮೇಲೆ ತಾಸುಗಟ್ಟಲೆ ಕೂತು, ಬೇವಿನ ತುದಿ ನೋಡುತ್ತ ಚಹಾ ಕುಡಿದ ಜನಕ್ಕೆ ಸುಳ್ಳು ಮರೆತುಹೋಗಿ ಖರೇ ಮಾತುಗಳು ನೆನಪಾಗತೊಡಗಿದವು. ಒಬ್ಬೊಬ್ಬರು ಹೇಳಿದ್ದನ್ನು ಕೇಳಿ ಪಕ್ಕದವರೂ ನೆನಪಿಸಿಕೊಂಡರು. ಹಾಗಾಗಿ ಪಾಳಿ ಬೇಗ ಮುಗಿಯುವ ಬದಲು ಇನ್ನೂ ನಿಧಾನವಾಯಿತು.

ಹನ್ನೊಂದು ಗಂಟೆಗೆ ಹುಸೇನಬಿ ಬಂದರು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮೂಗಿಗೆ ಸೆರಗು. ಹೊಸ್ತಿಲಲ್ಲಿ ಬಾಯವ್ವ ಅಡ್ಡಗೈ ಹಾಕಿದಳು. ಪಾಳಿಯ ಜವಾಬ್ದಾರಿಯನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ, ಅವಳೇ ತೆಗೆದುಕೊಂಡಿದ್ದಳು.

"ಎಲ್ಲಿಗೆ ನುಗ್ಗಾಕತ್ತೀರಿ? ಪಾಳಿ ಹಚ್ರಿ."

"ನಾ ಬೀಗತಿ ಇದ್ದೇನಿ ಇವರಿಗೆ!"

"ಮುಂಜಾನಿಂದ ನಾಕ ಮಂದಿ ಬೀಗರ ಬಂದ್ರವಾ. ಇಬ್ಬರು ಅಕ್ಕಗೋಳ ಆದ್ರು, ಒಬ್ಬಾಂವ ಸಾಕಿದ ಮಗ ಆದ. ಕುಂದರ್ರಿ ಸುಮ್ಮ."

"ನನ್ನ ಮಗನ ಮಾವನ ಮನಿ ಇದು!"

"ಹೌದ? ನನಗ ಸ್ವಂತ ಮನೀನ ಇದು" ಎಂದು ಬಾಯವ್ವ ಅವರ ಭುಜ ಹಿಡಿದು ಕಟ್ಟೆಯ ಕೊನೆಗೆ ಕೂರಿಸಿದಳು. ಇಡೀ ಸುರೇಬಾನಕ್ಕೆ ಜೋರು ಮಾಡುವ ಹುಸೇನಬಿ ತಮಗಿಂತ ಜೋರಿನವಳನ್ನು ಕಂಡು ತೆಪ್ಪಗಾದರು. ಅಲ್ಲಿಂದ ಕೂಗಿದರೆ ಬೀಗರಿಗೆ ಕೇಳುವಂತಿರಲಿಲ್ಲ, ಅಷ್ಟು ಗದ್ದಲ. ಎದ್ದು ನಿಂತರೆ, "ಕುಂದರ್ರಿ, ಈ ಖೋಲ್ಯಾಗ ನಿಂದ್ರಬಾರದಂತ ಕಾಯದೆ ಐತಿ" ಎಂದು ಹತ್ತು ಜನ ಎಳೆದು ಕೂರಿಸುತ್ತಿದ್ದರು.

ಹೀಗೆ ಆ ಮನೆಯನ್ನು ತೋರಿಸಬೇಕಾದ ರೀತಿಯಲ್ಲಿ ಯಾರೂ ತೋರಿಸದೆ, ಮೊಳ ಮೊಳವಾಗಿ ಕಟ್ಟೆಯ ಮೇಲೆ ಸರಿಯುತ್ತ ಹುಸೇನಬಿ ನೋಡಿದರು. ಮೊದಲ ಅರ್ಧ ತಾಸು ಸೆರಗು ಮೂಗಿನ ಮೇಲಿತ್ತು. ಪುದೀನಾ ಖಿಡಕಿಯ ಎದುರಿಗೆ ಬಂದಾಗ ಸೆರಗು ಗದ್ದಕ್ಕೆ ಇಳಿಯಿತು. ಬೇವಿನ ತುದಿ ಕಾಣುವ ಮೂಲೆಗೆ ಬಂದಾಗ ತಲೆ ಎತ್ತಿ ಗಿಳಿ ಎಣಿಸುತ್ತ ಕೂತರು. ಹಿಂದಿನವರು ತಿವಿದ ಮೇಲೆಯೇ ಸರಿದರು. ಪಕ್ಕದಲ್ಲಿ ಒಬ್ಬ ತಾಯಿ ಮೆಟ್ಟಿಲ ಮೇಲೆ ಮಗಳನ್ನು ಕೂರಿಸಿ ಹೆರಳು ಹಾಕುತ್ತಿದ್ದಳು, ಇವರು ರಿಬ್ಬನ್ ಹಿಡಿದುಕೊಂಡರು. ಇದನ್ನೆಲ್ಲ ನನಗೆ ಸಾವಂತ್ರೆವ್ವ ಆಮೇಲೆ ಹೇಳಿದ್ದು.

ನಾನು ಆಗ ಏನು ಮಾಡುತ್ತಿದ್ದೆ ಎಂದು ಕೇಳಬಾರದು. ಯಾರದೋ ಮದುವೆ ಮನೆಯ ಹನ್ನೆರಡು ಕಿಲೊ ಬ್ಯಾಡಗಿ ಮೆಣಸಿನಕಾಯಿ ಬಂದಿತ್ತು. ನಾನು ಏನೂ ತಿಳಿಯದೆ ಖಾರದ ಮಶಿನ್ ಚಾಲೂ ಮಾಡಿದೆ.

ಉತ್ತರದ ಗೋಡೆಗೆ ಸಂದಿ ಇರಲಿಲ್ಲ, ನಿಜ. ಆದರೆ ಅವತ್ತು ಪಾಳಿಗಾಗಿ ಮುಂಬಾಗಿಲು ಪೂರ್ತಿ ತೆರೆದಿತ್ತು. ಮೊದಲು ಹೊಸ್ತಿಲಲ್ಲಿದ್ದ ಬಾಯವ್ವ ಸೀನಿದಳು. ಆಮೇಲೆ ಕಟ್ಟೆಯಗುಂಟ ಒಬ್ಬರಾದ ಮೇಲೊಬ್ಬರು, ಪಾಳಿ ತಪ್ಪದ ಹಾಗೆ, ಅಡುಗೆಮನೆಯವರೆಗೆ ಸೀನುತ್ತ ಹೋದರು. ಕೊನೆಗೆ ಒಂದು ಎಳೆಗೂಸು ಸೀನಿ, ತನ್ನ ಸೀನಿಗೆ ತಾನೇ ಬೆರಗಾಗಿ ಸುತ್ತ ನೋಡಿತು. ಇಡೀ ಕಟ್ಟೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹುಸೇನಬಿ ಕಣ್ಣು ಮೂಗು ಒರೆಸಿಕೊಳ್ಳುತ್ತ ನಗುತ್ತಿದ್ದಾಗ ಅಡುಗೆಮನೆಯ ಕಡೆಯಿಂದ ಒಂದು ಕೈ ಚಹಾ ಚಾಚಿತು. ಕೈಯ ಬಳೆ ಮದುವೆಯಲ್ಲಿ ಬೀಗತಿಗೆಂದು ತಾವೇ ಕೊಟ್ಟ ಬಳೆ. ಹುಸೇನಬಿ ಕೈ ಹಿಡಿದು ಎಳೆದರು. ಶರೀಫಾಬಿಯ ಮುಖ ಬಾಗಿಲಲ್ಲಿ ಕಾಣಿಸಿತು.

"ಯಾ ಅಲ್ಲಾ! ಬೀಗತಿ! ಪಾಳ್ಯಾಗ?"

ಅದೇ ಗಳಿಗೆಗೆ ಪುರಸಭೆ ಕಚೇರಿಯ ಗುಮಾಸ್ತ ಬಸವಣ್ಣೆಪ್ಪ ಒಳಗೆ ಬಂದರು. ಖಾಸಗಿ ಮನೆಯಲ್ಲಿ ಸರಕಾರಿ ಯಾದಿ ಬರೆಯುತ್ತಿದ್ದಾರೆ ಎಂದು ಯಾರೋ ದೂರು ಕೊಟ್ಟಿದ್ದರು. ಬಸವಣ್ಣೆಪ್ಪ ಕಾಯಿದೆಯ ಮನುಷ್ಯ. ತಮ್ಮ ಮನೆಯ ಕಿರಾಣಿ ಚೀಟಿಗೂ ಸಹಿ ಮಾಡುವವರು. ನಾನೂ ಗದ್ದಲ ಕೇಳಿ ಮಶಿನ್ ನಿಲ್ಲಿಸಿ ಅವರ ಹಿಂದೆಯೇ ಬಂದೆ. ನನ್ನನ್ನು ಕಂಡೊಡನೆ ಎಲ್ಲರೂ ಇನ್ನೊಮ್ಮೆ ಸೀನಿದರು.

"ಎಲ್ಲೈತಿ ಯಾದಿ?" ಎಂದರು ಬಸವಣ್ಣೆಪ್ಪ.

ಖಾಸಿಮಸಾಬರು ವಹಿ ಕೊಟ್ಟರು. ಬಸವಣ್ಣೆಪ್ಪ ಚಾಳೀಸು ಏರಿಸಿ, ಸಾಕ್ಷಿಗಾಗಿ ಗಟ್ಟಿಯಾಗಿ ಓದತೊಡಗಿದರು.

"ಬಾಯವ್ವ. ಮಳೀಗಿ ಮನಿ ಬಿತ್ತು... ಇದನ್ನ ಹೊಡದ ಹಾಕೇರಿ. ಮುಂದ. ಬಿದ್ದಿಲ್ಲ, ಸೋರತಿತ್ತು. ಸೋರೋ ಕಡೆ ಭಾಂಡೆ ಇಡತಿದ್ವಿ. ಐದ ಭಾಂಡೆ, ಐದ ನಮೂನಿ ಸಪ್ಪಳ. ಅದಕ್ಕ ನಮ್ಮ ತಮ್ಮ ಕುಣೀತಿದ್ದ."

ಬಸವಣ್ಣೆಪ್ಪ ಹಾಳೆ ತಿರುವಿದರು.

"ಸಾವಂತ್ರೆವ್ವ. ಸಣ್ಣಾಕಿದ್ದಾಗಿನ ಮನಿ ನೆನಪಿಲ್ಲ. ಈಗಿನ ಮನಿ ಹೇಳತೇನಿ. ದಿನಾ ಗಿರಣಿ ಸಪ್ಪಳದಾಗ ನಮ್ಮ ಮನ್ಯಾವರು ಒದರಿ ಒದರಿ ಮಾತಾಡತಾರ. ಅಮಾಸಿ ದಿವಸ ಗಿರಣಿ ಬಂದ್ ಇರತೈತಿ. ಆವತ್ತ ಸಾವಂತ್ರಿ ಅಂತ ಸಾವಕಾಶ ಕರೀತಾರ."

ಅರವತ್ತು ಜನ ನನ್ನ ಕಡೆ ತಿರುಗಿ ನೋಡಿದರು. ನಾನು ಬೇವಿನ ಗಿಡದ ತುದಿ ನೋಡಿದೆ. ಅದು ಕಾಣಲಿಲ್ಲ, ನಾನು ನಿಂತಿದ್ದೆ.

ಬಸವಣ್ಣೆಪ್ಪ ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೋಡ್ರಿ ಖಾಸಿಮಸಾಬ್ರ. ಯಾದಿ ಅಂದ್ರ ಅನುಕ್ರಮ ನಂಬರ ಇರಬೇಕು. ತಾರೀಖ ಇರಬೇಕು. ಕೆಳಗ ಸಹಿ, ಸಹಿ ಮ್ಯಾಲ ಶಿಕ್ಕಾ ಇರಬೇಕು. ಇದರಾಗ ಒಂದೂ ಇಲ್ಲ. ಆದಕಾರಣ ಇದು ಯಾದಿ ಅಲ್ಲ. ಯಾದಿ ಅಲ್ಲಂದ ಮ್ಯಾಲ ಗುನ್ಹೆ ಇಲ್ಲ. ಗುನ್ಹೆ ಇರೋದು ಬಾಗಲ ಮ್ಯಾಲಿನ ಗುಡಿಸಿನ್ಯಾಗ. ಆ ಗುಡಿಸು ಅಳಸ್ರಿ. ಖರೇ ಯಾದಿ ಬಂದ ದಿವಸ ನಾನ ಓಣ್ಯಾಗ ನಿಂತ ಒದರಿ ಹೇಳತೇನಿ, ಎಲ್ಲಾರೂ ಬರ್ರಿ. ಈಗ ಮನೀಗೆ ಹೋಗ್ರಿ."

ಜನ ಗೊಣಗುತ್ತ ಎದ್ದರು. ಆದರೆ ಹುಸೇನಬಿ ಏಳಲಿಲ್ಲ. ಖಾಲಿಯಾದ ಕಟ್ಟೆಯ ಮೇಲೆ ಅವರನ್ನು ಕಂಡು ಖಾಸಿಮಸಾಬರ ಕೈಯಿಂದ ಪೆನ್ನು ಜಾರಿತು. ಮುಖ ಸುಣ್ಣವಾಯಿತು. ನಾಲ್ಕು ತಿಂಗಳು ಕಟ್ಟಿದ್ದೆಲ್ಲ ಅರ್ಧ ದಿನದಲ್ಲಿ ಹೋಯಿತು, ಮಗಳು ಇನ್ನು ಬರುವುದಿಲ್ಲ ಎಂದು ಆ ಮುಖದಲ್ಲಿ ಬರೆದಿತ್ತು, ಅವರೇ ಬರೆದ ಬೋರ್ಡಿನಷ್ಟು ಸ್ಪಷ್ಟವಾಗಿ.

"ಮೂರ ತಾಸ ಪಾಳಿ ಹಚ್ಚೇನಿ" ಎಂದರು ಹುಸೇನಬಿ. "ಬರಕೋರಿ ನಂದೂ."

ಖಾಸಿಮಸಾಬರು ಬಸವಣ್ಣೆಪ್ಪನವರಿಂದ ವಹಿ ಇಸಿದುಕೊಂಡು, ಪೆನ್ನು ಹುಡುಕಿ ಎತ್ತಿಕೊಂಡರು. "ಹೆಸರು?" ಎಂದರು.

"ಗೊತ್ತಿಲ್ಲೇನ್ರಿ?"

"ಎಲ್ಲಾರಿಗೂ ಕೇಳೇನ್ರಿ."

"ಹುಸೇನಬಿ. ತವರಮನಿ ತೊರಗಲ್. ನಮ್ಮ ಮನಿ ಬಾಜೂಕ ಸುಣ್ಣದ ಭಟ್ಟಿ ಇತ್ತು. ಮುಂಜಾನಿ ಎದ್ರ ಹೊಗಿ, ಸಂಜೀಕ ಹೊಗಿ. ತಲಿ ಹಿಕ್ಕಾಕ ಕುಂತ್ರ ಕಣ್ಣ ಉರೀತಿದ್ದೂ. ನಮ್ಮಮ್ಮ ತನ್ನ ಸೆರಗಿಲೆ ನನ್ನ ಕಣ್ಣ ಮುಚ್ಚಿ, ಮೊಣಕಾಲ ನಡುವ ಕುಂದರ್ಸಿಕೊಂಡ ಹೆರಳ ಹಾಕತಿದ್ಲು." ಅವರು ತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಹೊಗಿ ನಾತ ಹೆಂಗಿತ್ತೊ ಮರತೇನಿ. ಸೆರಗಿನ ವಾಸನಿ ಮರತಿಲ್ಲ. ಇಷ್ಟ ಬರಕೋರಿ."

ಖಾಸಿಮಸಾಬರು ಬರೆದರು. ಬಸವಣ್ಣೆಪ್ಪ ಬಾಗಿಲ ಕಡೆ ತಿರುಗಿ ನಿಂತು ಏನನ್ನೊ ನೋಡುತ್ತಿದ್ದರು, ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಏಳರಾಗ ಕಳಸತೇನಿ" ಎಂದರು ಹುಸೇನಬಿ. ಶರೀಫಾಬಿ ಸೆರಗು ಬಾಯಿಗೆ ಇಟ್ಟುಕೊಂಡು ಅಳತೊಡಗಿದರು. ಹುಸೇನಬಿ ಬೆರಳೆತ್ತಿದರು. "ಆದ್ರ ಒಂದ ಮಾತೈತಿ. ನಲವತ್ತ ದಿವಸ ಬಾಣಂತನ ಮುಗಿಯೂತನಕ ಆ ಖಾರದ ಗಿರಣಿಯಾಂವ ಬಂದ್ ಇಡಬೇಕು. ಯಾರಾಂವ?"

ಯಾರೂ ಬೆರಳು ಮಾಡಿ ತೋರಿಸಲಿಲ್ಲ. ತೋರಿಸುವ ಅಗತ್ಯವಿರಲಿಲ್ಲ. ಸಾವಂತ್ರೆವ್ವ ನನ್ನನ್ನು ನೋಡಿದ ರೀತಿಯಲ್ಲೇ ಉತ್ತರ ಇತ್ತು.

"ಆತ್ರಿ" ಎಂದೆ.

ಮಸಾಲೆ ಖಾರ ಮಾಡುವ ಭರಾಟೆಯ ಬೇಸಿಗೆಯಲ್ಲಿ ನಲವತ್ತು ದಿನ ನನ್ನ ಖಾರದ ಮಶಿನ್ ಮೌನವಾಗಿ ನಿಂತಿತು. ಜನ ಮೆಣಸಿನಕಾಯಿ ಹೊತ್ತು ಸವದತ್ತಿಯವರೆಗೆ ಹೋದರು, ಹೋಗುತ್ತ ನನ್ನನ್ನು ಬೈದರು. ಅಂಬರೀನ ಆ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬೇವಿನ ತುದಿ ನೋಡಿದಳು. ಹೆಣ್ಣು ಮಗು ಹುಟ್ಟಿತು. ತಸ್ಲೀಮ್ ಎಂದು ಹೆಸರಿಟ್ಟರು. ಗುಡಿಸು ಅಳಿಸಿದ ಬೋರ್ಡು 'ಯಾದ ಮನೆ' ಎಂದು ಓದಿಸಿಕೊಳ್ಳುತ್ತ ಬಾಗಿಲ ಮೇಲೆ ಉಳಿಯಿತು. ನಲವತ್ತೊಂದನೆಯ ದಿನ ನಾನು ಮಶಿನ್ ಚಾಲೂ ಮಾಡಿದೆ.

ಈಗ ತಸ್ಲೀಮಳಿಗೆ ನಾಲ್ಕು ವರ್ಷ ನಡೆಯುತ್ತಿದೆ. ರಜೆ ಬಿದ್ದಾಗಲೆಲ್ಲ ಸುರೇಬಾನದ ಬಸ್ಸಿನಲ್ಲಿ ಬರುತ್ತಾಳೆ. ಅಜ್ಜನಿಗೆ ಅವಳು ನಾನಾ ಎನ್ನುತ್ತಾಳೆ. ಕಳೆದ ತಿಂಗಳು ವಾಪಸ್ಸು ಹೊರಟ ದಿನ ಖಾಸಿಮಸಾಬರು ಅದೇ ವಹಿ ತೆಗೆದರು. ವರ್ಷಗಳಿಂದ ಈ ಗಳಿಗೆಗೆ ಕಾದಿದ್ದರು. ನಾನು, ಸಾವಂತ್ರೆವ್ವ, ಶರೀಫಾಬಿ, ಅಂಬರೀನ ಎಲ್ಲ ಕಟ್ಟೆಯ ಮೇಲೆ ಕೂತಿದ್ದೆವು.

"ಬೇಟಾ ತಸ್ಲೀಮ್, ಊರಿಗೆ ಹೋದ ಮ್ಯಾಲ ನಾನಾನ ಮನಿ ಅಂದ್ರ ಏನ್ ಯಾದ್ ಆಗತೈತಿ ನಿನಗ?"

ನಾವೆಲ್ಲ ಮನಸ್ಸಿನಲ್ಲೇ ಉತ್ತರ ಎಣಿಸಿದೆವು. ಬೇವಿನ ತುದಿ, ಗಿಳಿ, ಪುದೀನಾ, ಕಟ್ಟೆ, ಕೊಳಲಿನಂಥ ಹಾರ್ನು. ಕೂಸು ಸ್ವಲ್ಪ ಯೋಚಿಸಿತು. ಕಣ್ಣು ಗಟ್ಟಿಯಾಗಿ ಮುಚ್ಚಿತು, ಮೂಗು ಸುಕ್ಕು ಮಾಡಿತು, ಮೈಯೆಲ್ಲ ಅಲ್ಲಾಡಿಸಿ, "ಆಕ್ಷೀ!" ಎಂದು ಸುಳ್ಳು ಸೀನು ಸೀನಿ, ಕೇಕೆ ಹಾಕಿ ನಕ್ಕು, ಉತ್ತರದ ಮೊಂಡುಗೋಡೆಯ ಕಡೆ ಬೆರಳು ತೋರಿಸಿತು.

"ಲಗಮಣ್ಣ ನಾನಾ!" ಎಂದಿತು.

ಖಾಸಿಮಸಾಬರು ನನ್ನನ್ನು ಒಂದು ಗಳಿಗೆ ನೋಡಿದರು. ಅಂಬರೀನ "ಅಬ್ಬಾ..." ಎಂದು ಅವರ ಮೊಣಕೈ ಹಿಡಿದಳು, ನಾಲ್ಕೈದು ವರ್ಷದ ಹಿಂದೆ ತಾನಾಡಿದ ಮಾತು ಅವಳಿಗೂ ನೆನಪಾಗಿರಬೇಕು. ಅವರು ವಹಿ ಬಿಚ್ಚಿ, ನನ್ನ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದ ಜಾಗ ಹುಡುಕಿ, ತಮ್ಮ ದುಂಡನೆಯ ಅಕ್ಷರದಲ್ಲಿ ಕೂಸಿನ ಮಾತು ಬರೆದರು. ನಾನು ಟವಲಿನಿಂದ ಕಣ್ಣು ಒರೆಸಿಕೊಂಡೆ.

"ಖಾರ ಹಾರೇತಿ" ಎಂದೆ.

"ಇವತ್ತ ಅಮಾಸಿ ಐತಿ, ಲಗಮಣ್ಣಾ" ಎಂದರು ಶರೀಫಾಬಿ ಮೆಲ್ಲಗೆ. "ನಿಮ್ಮ ಗಿರಣಿ ಬಂದ್ ಐತಿ."

ಮರುದಿನ ಗೌಂಡಿ ದುರ್ಗಪ್ಪ ಉಳಿ ಸುತ್ತಿಗೆ ತೆಗೆದುಕೊಂಡು ಬಂದು ಉತ್ತರದ ಗೋಡೆಯ ಮುಂದೆ ನಿಂತ. ಅಂಗೈಯಗಲದ ಒಂದು ಖಿಡಕಿ ಒಡೆಯಬೇಕಂತೆ. ಎತ್ತರ ಎಷ್ಟಿಡಲಿ ಎಂದು ಅವನು ಎಂದಿನ ಹಾಗೆ ಅಳುಮುಖ ಮಾಡಿ ಕೇಳಿದ. ಖಾಸಿಮಸಾಬರು ಕಟ್ಟೆಯಿಂದ ಇಳಿದು, ನೆಲದ ಮೇಲೆ ಮೊಣಕಾಲೂರಿ, ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆದರು.

"ಕೂಸಿನ ಮೂಗ ಇಲ್ಲಿಗೆ ಬರತೈತಿ ನೋಡು" ಎಂದರು. "ಇಲ್ಲೇ ಇಡು."